ಪುಟ್ಟನ ಕೋಡಿಂಗ್ ಶಾಲೆಯ ವಿಚಾರ

ಪ್ಯಾರಿಸ್

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನ ಮಂಡಿ ನೋವು ಹೇಗಿದೆ? ಫೋನಿನಲ್ಲಿ ಪುಟ್ಟನ ಮಾತು ಬಂದರೆ ನೀವಿಬ್ಬರೂ ದನಿ ಏರಿಸುತ್ತೀರಿ, ಅದಕ್ಕೇ ಕಾಗದ.

ಇಂಜಿನಿಯರಿಂಗ್ ಬೇಡ, ಪ್ಯಾರಿಸ್ಸಿನ ‘42’ ಅನ್ನುವ ಕೋಡಿಂಗ್ ಶಾಲೆಗೆ ಬರುತ್ತೇನೆ ಅನ್ನುತ್ತಿದ್ದಾನಲ್ಲ, ಆ ಶಾಲೆ ಮೋಸದ್ದಲ್ಲ. ಇಲ್ಲಿನ ಟೆಲಿಕಾಂ ಸಾಹುಕಾರ ಝೇವಿಯೇ ನೀಲ್ 2013ರಲ್ಲಿ ಶುರು ಮಾಡಿದ್ದು. ಫೀಸು ಒಂದು ಪೈಸೆ ಇಲ್ಲ. ಮಾರ್ಕ್ಸ್ ಕಾರ್ಡ್ ನೋಡುವುದಿಲ್ಲ. ಮೇಷ್ಟ್ರಿಲ್ಲ, ಪೀರಿಯಡ್ಡಿಲ್ಲ, ಹಗಲು ರಾತ್ರಿ ಬಾಗಿಲು ತೆರೆದೇ ಇರುತ್ತದೆ. ಪುಟ್ಟ ಇಷ್ಟು ಹೇಳಿ ನಿಲ್ಲಿಸಿರುತ್ತಾನೆ.

ಸೇರುವ ಮುಂಚೆ ‘ಪಿಸೀನ್’ ಅಂತ ನಾಲ್ಕು ವಾರದ ಪರೀಕ್ಷೆ ಇದೆ. ಸಿ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಒಂದರ ಮೇಲೊಂದು ಲೆಕ್ಕ. ಅನೇಕರು ಅಲ್ಲೇ ಉದುರಿಹೋಗುತ್ತಾರೆ. ಒಂದು ಫಂಕ್ಷನ್, ಅಂದರೆ ಪ್ರೋಗ್ರಾಮಿನ ಒಂದು ತುಂಡು, 25 ಸಾಲು ದಾಟಬಾರದು ಅನ್ನುವಷ್ಟು ಕಟ್ಟುನಿಟ್ಟು. ತಿದ್ದುವವರು ಜೊತೆಯ ಹುಡುಗರೇ. ನಮ್ಮದನ್ನು ತಿದ್ದಿಸಿಕೊಳ್ಳಲು ಪಾಯಿಂಟ್ ಕೊಡಬೇಕು, ಬೇರೆಯವರದನ್ನು ತಿದ್ದಿ ಆ ಪಾಯಿಂಟ್ ಗಳಿಸಬೇಕು. ನನಗೆ ತುಂಬಾ ಹಿಡಿಸಿದ್ದು ಇದೇ.

ನಿಮಗೇನು ಇದು ಹೊಸದಲ್ಲ. 1995ರಲ್ಲಿ ನಮ್ಮ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಬಂದಾಗ ಬೇರೆ ಬೇರೆ ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಗೋಡೆಗೆ ಕಲಿಕಾ ಏಣಿ (ಕಲಿಕೆಯ ಹಂತಗಳ ಪಟ) ಅಂಟಿಸಿ ಕಾರ್ಡು ಹಂಚುತ್ತಿರಲಿಲ್ಲವೇ? ಮೇಷ್ಟ್ರು ಪಾಠವನ್ನೇ ಮಾಡೋದಿಲ್ಲ ಅಂತ ಊರವರು ಆಡಿಕೊಂಡಿದ್ದರು! ಆದರೆ ಅಲ್ಲಿ ತಡವರಿಸಿದ ಮಗುವಿನ ಪಕ್ಕ ನೀವು ಹೋಗಿ ಕೂರುತ್ತಿದ್ದಿರಿ. ಇಲ್ಲಿ ಹಾಗೆ ಬಂದು ಕೂರುವವರಿಲ್ಲ, ತಾನಾಗಿ ಎದ್ದು ಹೋಗಿ ಕೇಳಬೇಕು. ಪುಟ್ಟ ಕೇಳುವವನಲ್ಲ. ಪಿಯುಸಿಯಲ್ಲಿ ಇಂಟಿಗ್ರೇಷನ್ ತಲೆಗೆ ಹತ್ತಿಲ್ಲ ಅಂತ ಬಾಯಿ ಬಿಟ್ಟಿದ್ದು ಪ್ರಿಪರೇಟರಿಯಲ್ಲಿ ಫೇಲಾದ ಮೇಲೆ.

ಫೀಸಿಲ್ಲ ಅಂದರೂ ಪ್ಯಾರಿಸ್ಸಿನ ಬಾಡಿಗೆ ಇದೆ. ಪಿಸೀನ್ ದಾಟದಿದ್ದರೆ ವಿಮಾನದ ದುಡ್ಡೂ ದಂಡ. ಕಂಪನಿಗಳು ಡಿಗ್ರಿ ಕೇಳದಿರಬಹುದು, ಆದರೆ ಮುಂದೆ ಅಮೆರಿಕಕ್ಕೆ ಹೋಗಬೇಕೆಂದರೆ ಅಲ್ಲಿನ ಎಚ್-1ಬಿ ಕೆಲಸದ ವೀಸಾಕ್ಕೆ ಡಿಗ್ರಿ ಅಥವಾ ಅದಕ್ಕೆ ಸಮನಾದ ಅನುಭವ ತೋರಿಸಲೇಬೇಕು.

ಸಿಇಟಿ ಸೀಟು ಬಿಡುವುದು ಬೇಡ. ಹಾಗಂತ ಬೈಯಲೂ ಬೇಡಿ. ಪಿಸೀನ್‌ನಂಥ ಲೆಕ್ಕಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ, ಕಾಲೇಜು ಶುರುವಾಗುವವರೆಗೆ ಗೆಳೆಯರ ಜೊತೆ ಕೂತು ಮಾಡಲಿ, ಒಬ್ಬರದನ್ನೊಬ್ಬರು ತಿದ್ದಲಿ. ಕೆಲಸ ಗ್ಯಾರಂಟಿ ಅಂತ ಹೇಳಿ ಸಾಲ ಮಾಡಿಸುವ ಕೋರ್ಸಿನವರು ಫೋನ್ ಮಾಡಿದರೆ ಮಾತ್ರ ಎಲ್ಲೂ ಸಹಿ ಹಾಕಬೇಡಿ. ಅದು ಬೇರೆಯೇ ವ್ಯಾಪಾರ.

ಪುಟ್ಟನಿಗೆ ಸಿಟ್ಟು ಬಂದರೆ ಭಾನುವಾರ ನನಗೇ ಫೋನ್ ಮಾಡಲಿ.

ಇಂತಿ ನಿಮ್ಮ ಮಗಳು,
ಸುಮಾ