ಲೋಡ್ ಆಗದ ವರ್ಲ್ಡ್ ಅಳಿಸಿ ಎನ್ನಬೇಡಿ

ಮಾನ್ಯ ಸಂಪಾದಕರೇ,

ಮಾಡ್‌ಗಳನ್ನು (ಆಟಕ್ಕೆ ಹೊರಗಿನಿಂದ ಸೇರಿಸುವ ತಂತ್ರಾಂಶದ ತುಣುಕುಗಳನ್ನು) ಹಾಕಿಕೊಂಡು ಗೆಳೆಯರೆಲ್ಲ ಸೇರಿ ಆಡುವ ಮೈನ್‌ಕ್ರಾಫ್ಟ್ ಆಟದ ಸರ್ವರ್‌ನಲ್ಲಿ ವರ್ಲ್ಡ್, ಅಂದರೆ ಆಟಗಾರರು ಕಟ್ಟಿಕೊಂಡ ಲೋಕ, ಲೋಡ್ ಆಗುತ್ತಿಲ್ಲ, ಏನು ಮಾಡಬೇಕು ಎಂದು ಓದುಗರೊಬ್ಬರು ನಿಮ್ಮ ತಂತ್ರಜ್ಞಾನ ಪುಟದ ಪ್ರಶ್ನೋತ್ತರದಲ್ಲಿ ಕೇಳಿದ್ದರು. ಅಂಕಣಕಾರರು ಮೂರು ಸಾಲಿನಲ್ಲಿ ಮುಗಿಸಿಬಿಟ್ಟರು: ಮಾಡ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ, ಸರ್ವರ್‌ಗೆ ಮೆಮೊರಿ ಹೆಚ್ಚಿಸಿ, ಅದಕ್ಕೂ ಬಗ್ಗದಿದ್ದರೆ ವರ್ಲ್ಡ್ ಫೋಲ್ಡರ್ ಅಳಿಸಿ ಹೊಸದು ಮಾಡಿಕೊಳ್ಳಿ. ಈ ಮೂರರಲ್ಲಿ ಮೊದಲನೆಯದು ಮತ್ತು ಕೊನೆಯದು ಆಟಗಾರರ ತಿಂಗಳುಗಟ್ಟಲೆಯ ಶ್ರಮವನ್ನು ಮಣ್ಣುಪಾಲು ಮಾಡುವಂಥವು. ನಡುವಿನದು ಸಾಮಾನ್ಯವಾಗಿ ಉಪಯೋಗಕ್ಕೆ ಬಾರದ್ದು.

ನಾನು ವೃತ್ತಿಯಿಂದ ಲೆಕ್ಕಪರಿಶೋಧಕಿ. ನನ್ನ ಮಕ್ಕಳು, ಅಕ್ಕನ ಮಕ್ಕಳು, ಅವರ ಗೆಳೆಯ ಗೆಳತಿಯರು ಆಡುವ ಸರ್ವರ್‌ನ ಉಸ್ತುವಾರಿ ಬಹಳ ಕಾಲದಿಂದ ನನ್ನ ತಲೆಗೆ ಕಟ್ಟಿದ್ದಾರೆ. ಆಟ ನನಗೆ ಅಷ್ಟಾಗಿ ಬರುವುದಿಲ್ಲ, ಕಡತಗಳು ಬರುತ್ತವೆ. ಲೆಕ್ಕ ತಾಳೆಯಾಗಲಿಲ್ಲವೆಂದು ಯಾರೂ ಖಾತೆ ಪುಸ್ತಕವನ್ನು ಒಲೆಗೆ ಹಾಕುವುದಿಲ್ಲ. ವರ್ಲ್ಡ್ ಲೋಡ್ ಆಗದಿದ್ದಾಗ ಹತ್ತರಲ್ಲಿ ಎಂಟು ಸಲವಾದರೂ ವರ್ಲ್ಡ್‌ಗೆ ಏನೂ ಆಗಿರುವುದಿಲ್ಲ, ಅದನ್ನು ತೆರೆಯುವ ತಂತ್ರಾಂಶದಲ್ಲಿ ತೊಡಕಿರುತ್ತದೆ ಎಂಬುದು ನನ್ನ ಅನುಭವ.

ಮಾಡ್ ತೆಗೆದು ನೋಡುವ ಸಲಹೆಯನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಕೇಳಲು ಅದು ಬಹಳ ಸಮಂಜಸವಾಗಿದೆ. ಒಂದು ಮಾಡ್ ಆಟಕ್ಕೆ ಹೊಸ ಯಂತ್ರಗಳನ್ನು, ಹೊಸ ಅದಿರನ್ನು, ಹೊಸ ಪೆಟ್ಟಿಗೆಗಳನ್ನು ತರುತ್ತದೆ. ಆಟಗಾರರು ಅವುಗಳಿಂದ ಕಾರ್ಖಾನೆಯನ್ನೇ ಕಟ್ಟಿರುತ್ತಾರೆ. ಆ ಮಾಡ್ ತೆಗೆದು ಸರ್ವರ್ ಚಾಲೂ ಮಾಡಿದಿರಿ ಎನ್ನಿ. ಸರ್ವರ್ ಆ ಜಾಗದ ಚಂಕ್ ಅನ್ನು, ಅಂದರೆ ವರ್ಲ್ಡ್‌ನ ಆ ತುಂಡನ್ನು, ಓದುವಾಗ ಗುರುತಿಲ್ಲದ ಬ್ಲಾಕ್ (ಆಟದಲ್ಲಿ ಎಲ್ಲವನ್ನೂ ಕಟ್ಟುವ ಇಟ್ಟಿಗೆಯಂಥ ಘನ) ಸಿಕ್ಕಿದ ಕಡೆಯಲ್ಲೆಲ್ಲ ಗಾಳಿಯನ್ನು ತುಂಬುತ್ತದೆ. ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಉಳಿಸುತ್ತದೆ. ಅಲ್ಲಿಗೆ ಮುಗಿಯಿತು. ಮತ್ತೆ ಅದೇ ಮಾಡ್ ಅನ್ನು ಹಾಕಿದರೂ ಯಂತ್ರಗಳು ಹಿಂದಿರುಗುವುದಿಲ್ಲ, ಪೆಟ್ಟಿಗೆಯೊಳಗಿದ್ದ ಸಾಮಾನುಗಳೂ ಇಲ್ಲ. ಆಟದ 1.12 ಆವೃತ್ತಿಯ ಕಾಲದಲ್ಲಿ, ಮಾಡ್‌ಗಳನ್ನು ಆಟಕ್ಕೆ ಜೋಡಿಸುವ ಫೋರ್ಜ್ ಎಂಬ ತಂತ್ರಾಂಶದ ಸರ್ವರ್ ಇಂಥ ಸಂದರ್ಭದಲ್ಲಿ ಕಾಣೆಯಾದ ಬ್ಲಾಕ್‌ಗಳ ಪಟ್ಟಿಯನ್ನು ಮುಂದಿಟ್ಟು, ಮುಂದುವರಿಯಲು ಒಪ್ಪಿಗೆ ಕೊಡಿ ಎಂದು ಕಾಯುತ್ತಾ ನಿಲ್ಲುತ್ತಿತ್ತು. ಎಷ್ಟೋ ಜನ ಅದನ್ನೇ ಸರ್ವರ್ ಕೆಟ್ಟು ನಿಂತಿದೆ ಎಂದುಕೊಂಡು, ಯಾರೋ ಹೇಳಿದರೆಂದು ಒಪ್ಪಿಗೆಯ ಆದೇಶ ಬರೆದು, ತಮ್ಮ ಕೈಯಾರೆ ಎಲ್ಲವನ್ನೂ ಅಳಿಸಿಕೊಂಡರು.

ಹಾಗಿದ್ದರೆ ಮಾಡ್ ತೆಗೆಯಲೇಬಾರದೇ? ತೆಗೆಯಬಹುದು, ನಕಲಿನಲ್ಲಿ. ಸರ್ವರ್ ನಿಲ್ಲಿಸಿ, ಇಡೀ ಫೋಲ್ಡರ್ ಅನ್ನು ಬೇರೆ ಕಡೆ ಪ್ರತಿ ಮಾಡಿಕೊಂಡು, ಪ್ರಯೋಗವೆಲ್ಲ ಆ ಪ್ರತಿಯ ಮೇಲೆ. ಮೂಲವನ್ನು ಮುಟ್ಟಬಾರದು. ಒಂದೊಂದಾಗಿ ತೆಗೆಯುವ ಬದಲು ಅರ್ಧಕ್ಕೆ ಅರ್ಧ ತೆಗೆದು ನೋಡಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಒಂದು ಮಾಡ್ ಇನ್ನೊಂದನ್ನು ಆಧರಿಸಿರುತ್ತದೆ. ಆಧಾರವಾದದ್ದನ್ನು ತೆಗೆದರೆ ಅವಲಂಬಿಸಿದ್ದು ಬೇರೆಯೇ ದೋಷ ತೋರಿಸಿ ದಾರಿ ತಪ್ಪಿಸುತ್ತದೆ.

ಇಷ್ಟೆಲ್ಲ ಮಾಡುವ ಮೊದಲು ಒಂದು ಸುಲಭದ ಪರೀಕ್ಷೆ ಇದೆ. ಅಂಕಣಕಾರರು ಇದೊಂದನ್ನೇ ಹೇಳಿದ್ದರೂ ಸಾಕಿತ್ತು. ಸರ್ವರ್.ಪ್ರಾಪರ್ಟೀಸ್ ಎಂಬ ಕಡತದಲ್ಲಿ ಲೆವೆಲ್-ನೇಮ್ ಎಂಬ ಸಾಲಿರುತ್ತದೆ, ಅಲ್ಲಿ ವರ್ಲ್ಡ್ ಫೋಲ್ಡರ್‌ನ ಹೆಸರು ಬರೆದಿರುತ್ತದೆ. ಅದನ್ನು ಬದಲಿಸಿ 'ಪರೀಕ್ಷೆ' ಎಂಬಂಥ ಹೊಸ ಹೆಸರು ಕೊಟ್ಟು ಸರ್ವರ್ ಚಾಲೂ ಮಾಡಿ. ಅದೇ ಮಾಡ್‌ಗಳು, ಅದೇ ಜಾವಾ (ಸರ್ವರ್ ಓಡಲು ಬೇಕಾದ ತಂತ್ರಾಂಶ), ಹೊಚ್ಚ ಹೊಸ ವರ್ಲ್ಡ್. ಅದು ಸರಾಗವಾಗಿ ತೆರೆದುಕೊಂಡರೆ ತೊಂದರೆ ಹಳೆಯ ವರ್ಲ್ಡ್‌ನೊಳಗಿದೆ. ಅದೂ ತೆರೆದುಕೊಳ್ಳದಿದ್ದರೆ ನಿಮ್ಮ ವರ್ಲ್ಡ್ ನಿರಪರಾಧಿ, ಮಾಡ್‌ಗಳ ಕಡೆಗೋ ಜಾವಾ ಕಡೆಗೋ ತಿರುಗಿ. ಹಳೆಯ ಫೋಲ್ಡರ್ ಇದ್ದಲ್ಲೇ ಇರುತ್ತದೆ, ಹೆಸರು ಮತ್ತೆ ಬರೆದರೆ ವಾಪಸು ಬರುತ್ತದೆ.

ಇದೇ ಸಾಲು ಇನ್ನೊಂದು ಗಾಬರಿಗೂ ಮೂಲ. ಸರ್ವರ್ ಅನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸಿದಾಗ ಈ ಹೆಸರು ಮತ್ತು ಫೋಲ್ಡರ್‌ನ ಹೆಸರು ಒಂದಕ್ಕೊಂದು ಹೊಂದದಿದ್ದರೆ ಸರ್ವರ್ ದೂರುವುದಿಲ್ಲ, ಸದ್ದಿಲ್ಲದೆ ಹೊಸ ವರ್ಲ್ಡ್ ಹುಟ್ಟಿಸುತ್ತದೆ. ಒಳಬಂದವರು ಬರಿಯ ಹುಲ್ಲುಗಾವಲು ಕಂಡು ಎಲ್ಲ ಹೋಯಿತೆಂದು ಬಾಯಿ ಬಡಿದುಕೊಳ್ಳುತ್ತಾರೆ. ಲಿನಕ್ಸ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ವಿಂಡೋಸ್‌ನಿಂದ ಹೋದವರು ಮರೆಯುತ್ತಾರೆ.

ಇನ್ನು ಲಾಗ್, ಅಂದರೆ ಸರ್ವರ್ ತಾನು ಮಾಡಿದ್ದನ್ನು ಬರೆದಿಡುವ ದಿನಚರಿ. ಲಾಗ್ಸ್ ಫೋಲ್ಡರ್‌ನಲ್ಲಿ ಲೇಟೆಸ್ಟ್.ಲಾಗ್ ಎಂಬ ಕಡತವಿದೆ, ಕ್ರ್ಯಾಶ್ ಆಗಿದ್ದರೆ ಕ್ರ್ಯಾಶ್-ರಿಪೋರ್ಟ್ಸ್ ಎಂಬ ಫೋಲ್ಡರ್‌ನಲ್ಲಿ ವರದಿಯೂ ಇರುತ್ತದೆ. ಸಾವಿರಾರು ಸಾಲು ನೋಡಿ ಹೆದರಬೇಕಾಗಿಲ್ಲ. 'ಕಾಸ್ಡ್ ಬೈ' ಎಂದು ಶುರುವಾಗುವ ಸಾಲುಗಳನ್ನು ಹುಡುಕಿ. ಒಂದೇ ದೋಷದಲ್ಲಿ ಅಂಥವು ಹಲವಿದ್ದರೆ ಎಲ್ಲಕ್ಕಿಂತ ಕೆಳಗಿನದು ಮೂಲ ಕಾರಣ. ಮೇಲಿನವೆಲ್ಲ ಅದರ ಪರಿಣಾಮಗಳು. ಜನ ಮೊದಲ ಸಾಲನ್ನು ಓದಿ ಅಲ್ಲಿಗೇ ನಿಲ್ಲುತ್ತಾರೆ.

ಅಲ್ಲಿ ಕ್ಲಾಸ್ ಫೈಲ್ (ಜಾವಾ ಓದುವ ಕಡತ) ಆವೃತ್ತಿ 65 ಎಂದೋ 61 ಎಂದೋ ಕಂಡರೆ ಸಮಸ್ಯೆ ಜಾವಾದ್ದು: 65 ಎಂದರೆ ಜಾವಾ 21, 61 ಎಂದರೆ ಜಾವಾ 17, 52 ಎಂದರೆ ಜಾವಾ 8. ಮೈನ್‌ಕ್ರಾಫ್ಟ್ 1.18ಕ್ಕೆ ಜಾವಾ 17 ಬೇಕು, 1.20.5ರಿಂದ ಕನಿಷ್ಠ 21 ಬೇಕು, 1.12ರ ಹಳೆಯ ಮಾಡ್ ಗುಚ್ಛಗಳು 8ರಲ್ಲೇ ನೆಮ್ಮದಿಯಾಗಿರುತ್ತವೆ. ಈ ದೋಷ ಬಂದಾಗ ಸರ್ವರ್ ವರ್ಲ್ಡ್‌ನ ಬಾಗಿಲವರೆಗೂ ಹೋಗಿರುವುದಿಲ್ಲ. ಇಂಥವರಿಗೆ ವರ್ಲ್ಡ್ ಅಳಿಸಿ ಎಂದು ಹೇಳಿದರೆ ಏನೆನ್ನಬೇಕು? ಹಾಗೆಯೇ, ಆಟಗಾರನ ಕಂಪ್ಯೂಟರ್‌ನಲ್ಲಿ ಮಾತ್ರ ಇರಬೇಕಾದ, ನೆರಳು ಬೆಳಕು ಚಂದಗಾಣಿಸುವಂಥ ಮಾಡ್ ಅನ್ನು ಸರ್ವರ್‌ಗೂ ಹಾಕಿದರೆ ಕ್ಲೈಂಟ್ ಭಾಗವನ್ನು, ಅಂದರೆ ಆಟಗಾರನ ಕಡೆಯ ಭಾಗವನ್ನು, ಹುಡುಕಿ ಸಿಗದೆ ಸರ್ವರ್ ಬೀಳುತ್ತದೆ. ಲಾಗ್‌ನಲ್ಲಿ ಡೆಡಿಕೇಟೆಡ್ ಸರ್ವರ್ ಎಂಬ ಮಾತು ಕಂಡರೆ ಅದನ್ನು ಶಂಕಿಸಿ, ಆ ಮಾಡ್ ಅನ್ನು ತೆಗೆದರೆ ಯಾವ ಬ್ಲಾಕ್ ಕೂಡ ಕಳೆದುಹೋಗುವುದಿಲ್ಲ.

ಸೆಷನ್.ಲಾಕ್ (ಒಂದು ಸಲಕ್ಕೆ ಒಂದೇ ಸರ್ವರ್ ವರ್ಲ್ಡ್ ತೆರೆಯಲೆಂದು ಇರುವ ಬೀಗದ ಕಡತ) ಬೇರೊಬ್ಬರ ಹಿಡಿತದಲ್ಲಿದೆ ಎಂದು ಲಾಗ್ ಹೇಳಿದರೆ ಹಿಂದಿನ ಸರ್ವರ್ ಪೂರ್ತಿ ನಿಂತಿಲ್ಲ ಎಂದರ್ಥ. ಆ ಕಡತವನ್ನು ಅಳಿಸುವ ಚಾಳಿ ಹಲವರಿಗಿದೆ. ನಿಲ್ಲಿಸಬೇಕಾದದ್ದು ಹಿನ್ನೆಲೆಯಲ್ಲಿ ಓಡುತ್ತಿರುವ ಹಳೆಯ ಜಾವಾವನ್ನು. ಎರಡು ಸರ್ವರ್‌ಗಳು ಒಂದೇ ವರ್ಲ್ಡ್‌ಗೆ ಬರೆಯತೊಡಗಿದರೆ ಆಗ ನಿಜವಾಗಿಯೂ ವರ್ಲ್ಡ್ ಹಾಳಾಗುತ್ತದೆ.

ನಿಜವಾಗಿ ಹಾಳಾದದ್ದರ ಮಾತಿಗೂ ಬರುತ್ತೇನೆ, ಏಕೆಂದರೆ ಅಲ್ಲಿಯೂ ಅಳಿಸುವುದು ಮದ್ದಲ್ಲ. ಒಮ್ಮೆ ನಮ್ಮ ಸರ್ವರ್ ಯಾರೂ ಇಲ್ಲದಿದ್ದಾಗ ಚೆನ್ನಾಗಿ ಓಡುತ್ತಿತ್ತು, ಅಕ್ಕನ ಮಗ ಒಳಗೆ ಬಂದ ಕ್ಷಣ ಬೀಳುತ್ತಿತ್ತು. ಉಳಿದವರು ಬಂದರೆ ಏನೂ ಇಲ್ಲ. ಅವನೊಬ್ಬನದೇ ಶನಿ ಎಂದು ಮಕ್ಕಳು ನಗುತ್ತಿದ್ದರು. ಚಂಕ್‌ಗಳು ಲೋಡ್ ಆಗುವುದು ಆಟಗಾರನ ಸುತ್ತ, ಅವನು ಹಿಂದಿನ ಸಲ ನಿಂತಿದ್ದ ಕಡೆಯೇ ಏನೋ ಕೆಟ್ಟಿದೆ ಎಂದು ಅಂದುಕೊಂಡೆ. ಕ್ರ್ಯಾಶ್ ವರದಿಯಲ್ಲಿ ಟಿಕಿಂಗ್ ಬ್ಲಾಕ್ ಎಂಟಿಟಿ (ಯಂತ್ರ, ಪೆಟ್ಟಿಗೆಯಂಥ, ತನ್ನೊಳಗೆ ಮಾಹಿತಿ ಇಟ್ಟುಕೊಂಡ ಬ್ಲಾಕ್‌ಗೆ ಬ್ಲಾಕ್ ಎಂಟಿಟಿ ಎನ್ನುತ್ತಾರೆ) ಎಂದಿತ್ತು, ಒಂದು ಯಂತ್ರದ ಹೆಸರಿತ್ತು, ನಿರ್ದೇಶಾಂಕ ಇತ್ತು: ಎಕ್ಸ್ 1300, ಝಡ್ -700.

ಇಲ್ಲಿ ಸ್ವಲ್ಪ ಗಣಿತ. ಒಂದು ಚಂಕ್ ಎಂದರೆ ಉದ್ದಗಲ 16 ಬ್ಲಾಕ್. 32 ಸಾಲು 32 ಕಂಬದಷ್ಟು ಚಂಕ್‌ಗಳು ಸೇರಿ ಒಂದು ರೀಜನ್ ಕಡತ, ಅಂದರೆ ಒಂದು ಬದಿಗೆ 512 ಬ್ಲಾಕ್. 1300 ಅನ್ನು 512ರಿಂದ ಭಾಗಿಸಿದರೆ ಎರಡೂವರೆ, ಪೂರ್ಣಾಂಕ 2. -700ಕ್ಕೆ ಬಂದರೆ ಹುಡುಗರು -1 ಎಂದರು. ಋಣ ಸಂಖ್ಯೆಯಲ್ಲಿ ಕೆಳಗಿನ ಪೂರ್ಣಾಂಕ ಹಿಡಿಯಬೇಕು, -1ರ ಕಡತದಲ್ಲಿ ಇರುವುದು -512ರಿಂದ -1ರವರೆಗೆ ಮಾತ್ರ. ನಮಗೆ ಬೇಕಾದದ್ದು -2. ಹಾಗಾಗಿ ಕಡತದ ಹೆಸರು ಆರ್.2.-2.ಎಂಸಿಎ. ಬ್ಯಾಕಪ್‌ನಿಂದ ಆ ಒಂದು ಕಡತವನ್ನು ತಂದಿಟ್ಟರೆ ಇಡೀ ವರ್ಲ್ಡ್‌ನ ಬದಲು ಒಂದು ಚೌಕ ಮಾತ್ರ ಹಿಂದಿನ ಸ್ಥಿತಿಗೆ ಹೋಗುತ್ತದೆ. 1.17ರಿಂದ ಈಚೆಗೆ ಪ್ರಾಣಿ ಪಕ್ಷಿ ಮುಂತಾದ ಚಲಿಸುವ ಜೀವಿಗಳ ಮಾಹಿತಿ ಎಂಟಿಟೀಸ್ ಎಂಬ ಬೇರೆ ಫೋಲ್ಡರ್‌ನಲ್ಲಿದೆ, ಅಲ್ಲಿಯೂ ಅದೇ ಹೆಸರಿನ ಕಡತವನ್ನು ಬದಲಿಸಬೇಕು, ಇಲ್ಲದಿದ್ದರೆ ಕೊಟ್ಟಿಗೆ ಹಳೆಯದು, ಹಸುಗಳು ಹೊಸವು ಎಂಬ ಸ್ಥಿತಿ. ಹಳ್ಳಿಗರ ಹಾಸಿಗೆ, ಕೆಲಸದ ಜಾಗದಂಥವುಗಳ ಗುರುತು ಇರುವ ಪಿಒಐ ಫೋಲ್ಡರ್‌ನದೂ ಅದೇ ಮಾತು. ಹುಡುಗ ಒಳಗೆ ಬಂದ, ಸರ್ವರ್ ಬೀಳಲಿಲ್ಲ, ಯಂತ್ರ ಹೋಯಿತೆಂದು ಮುಖ ಊದಿಸಿಕೊಂಡ.

ಬ್ಯಾಕಪ್ ಇಲ್ಲದವರಿಗೆ ಫೋರ್ಜ್‌ನ ಸರ್ವರ್ ಸಂರಚನಾ ಕಡತದಲ್ಲಿ ದೋಷ ಎಬ್ಬಿಸುವ ಬ್ಲಾಕ್ ಎಂಟಿಟಿಗಳನ್ನು ತಾನಾಗಿ ತೆಗೆದುಹಾಕುವ ಒಂದು ಆಯ್ಕೆ ಇದೆ. ಇದರಿಂದ ಎಲ್ಲವೂ ಕೆಡಬಹುದು, ಹಾನಿಗೆ ನಾವು ಹೊಣೆಯಲ್ಲ ಎಂದು ತಯಾರಕರೇ ಅದರ ಪಕ್ಕದಲ್ಲಿ ದೊಡ್ಡಕ್ಷರಗಳಲ್ಲಿ ಬರೆದಿಟ್ಟಿದ್ದಾರೆ. ಪ್ರತಿಯ ಮೇಲೆ ಒಮ್ಮೆ ಚಾಲೂ ಮಾಡಿ, ಕೆಟ್ಟ ಯಂತ್ರ ಹೋದ ಮೇಲೆ ಮತ್ತೆ ಮುಚ್ಚಿಬಿಡುವುದು ಒಳ್ಳೆಯದು. ಯಾರೋ ಒಬ್ಬರಿಗೆ ಮಾತ್ರ ಒಳಗೆ ಬರಲಾಗದೆ, ಚಂಕ್‌ನಲ್ಲಿ ಏನೂ ದೋಷ ಕಾಣದಿದ್ದರೆ ಪ್ಲೇಯರ್‌ಡೇಟಾ ಫೋಲ್ಡರ್‌ನಲ್ಲಿರುವ ಅವರ ಕಡತ ಕೆಟ್ಟಿರಬಹುದು. ಅದರ ಹೆಸರು ಬದಲಿಸಿಟ್ಟರೆ ಅವರು ಬರಿಗೈಯಲ್ಲಿ ಹುಟ್ಟುಸ್ಥಾನದಲ್ಲಿ ಎದ್ದು ನಿಲ್ಲುತ್ತಾರೆ. ಗಂಟು ಹೋದರೂ ಊರು ಉಳಿಯುತ್ತದೆ.

ವರ್ಲ್ಡ್ ಫೋಲ್ಡರ್‌ನಲ್ಲಿ ಎಲ್ಲಕ್ಕಿಂತ ಜೋಪಾನ ಮಾಡಬೇಕಾದದ್ದು ಲೆವೆಲ್.ಡ್ಯಾಟ್ ಎಂಬ ಪುಟ್ಟ ಕಡತ. ವರ್ಲ್ಡ್‌ನ ನೆಲ ಹೇಗೆ ಹುಟ್ಟಬೇಕೆಂದು ನಿರ್ಧರಿಸುವ ಬೀಜಸಂಖ್ಯೆ ಅದರೊಳಗಿದೆ. ಉಳಿಸುವ ಹೊತ್ತಿಗೆ ವಿದ್ಯುತ್ ಹೋದರೆ, ಡಿಸ್ಕ್ ತುಂಬಿದ್ದರೆ ಅದು ಸೊನ್ನೆ ಗಾತ್ರಕ್ಕೆ ಇಳಿಯಬಹುದು. ಪಕ್ಕದಲ್ಲೇ ಲೆವೆಲ್.ಡ್ಯಾಟ್_ಓಲ್ಡ್ ಎಂಬ ಹಿಂದಿನ ಪ್ರತಿ ಇರುತ್ತದೆ. ಕೆಟ್ಟದ್ದನ್ನು ಬೇರೆಡೆಗೆ ಸರಿಸಿ ಇದಕ್ಕೆ ಆ ಹೆಸರು ಕೊಟ್ಟರೆ ಬಹಳಷ್ಟು ಸಲ ಕೆಲಸ ಮುಗಿಯಿತು. ಆ ಕಡತವೇ ಇಲ್ಲದೆ ಸರ್ವರ್ ಎಬ್ಬಿಸಿದರೆ ಹಳೆಯ ಚಂಕ್‌ಗಳು ಉಳಿದರೂ ಅವುಗಳಾಚೆ ಹೊಸ ಬೀಜದಿಂದ ಬೇರೆಯೇ ನೆಲ ಬೆಳೆಯುತ್ತದೆ, ನದಿಯ ನಡುವೆ ಗೋಡೆಯಂತೆ ಬೆಟ್ಟ ಏಳುತ್ತದೆ. 1.12 ಮತ್ತು ಅದಕ್ಕಿಂತ ಹಳೆಯ ಮಾಡ್ ಸರ್ವರ್‌ಗಳಲ್ಲಿ ಇನ್ನೂ ಕೆಟ್ಟದು: ಅಲ್ಲಿ ಮಾಡ್‌ಗಳ ಬ್ಲಾಕ್‌ಗಳು ಅಂಕಿಗಳಾಗಿ ಉಳಿದಿರುತ್ತವೆ, ಯಾವ ಅಂಕಿ ಯಾವ ಬ್ಲಾಕ್ ಎಂಬ ಪಟ್ಟಿ ಲೆವೆಲ್.ಡ್ಯಾಟ್‌ನಲ್ಲೇ ಇರುತ್ತದೆ. ಪಟ್ಟಿ ಹೋದರೆ ಒಂದರ ಜಾಗದಲ್ಲಿ ಇನ್ನೊಂದು ಬ್ಲಾಕ್ ಬಂದು ಕೂರುತ್ತದೆ. 2018ರ 1.13ರಿಂದ ಅಂಕಿಗಳ ಬದಲು ಹೆಸರುಗಳು ಬಂದ ಮೇಲೆ ಈ ಕಾಟ ತಪ್ಪಿತು.

ಮೆಮೊರಿಯ ಸಲಹೆಗೆ ಒಂದೇ ಮಾತು. ಲಾಗ್‌ನಲ್ಲಿ ಔಟ್ ಆಫ್ ಮೆಮೊರಿ ಎಂದಿದ್ದರೆ ಹೆಚ್ಚಿಸಿ, ಇಲ್ಲದಿದ್ದರೆ ಸುಮ್ಮನಿರಿ. ಯಂತ್ರದಲ್ಲಿರುವಷ್ಟನ್ನೂ ಸರ್ವರ್‌ಗೇ ಸುರಿದರೆ ಆಪರೇಟಿಂಗ್ ಸಿಸ್ಟಂ ಉಸಿರುಗಟ್ಟುತ್ತದೆ. ಒಂದೇ ಟಿಕ್‌ಗೆ (ಆಟದ ಗಡಿಯಾರದ ಒಂದು ಬಡಿತಕ್ಕೆ) 60 ಸೆಕೆಂಡ್ ಹಿಡಿಯಿತು ಎಂದು ಕಾವಲು ವ್ಯವಸ್ಥೆ ಸರ್ವರ್ ಅನ್ನು ಬೀಳಿಸಿದರೆ ಅದು ಬೇರೆ ಕಥೆ. ಸೆಕೆಂಡಿಗೆ 20 ಟಿಕ್ ಓಡಬೇಕಾದ ಸರ್ವರ್, ಹೊಸ ನೆಲ ಹುಟ್ಟಿಸುವ ಭಾರಿ ಮಾಡ್‌ನಿಂದ ಏದುಸಿರು ಬಿಡುತ್ತಿರಬಹುದು. ಸರ್ವರ್.ಪ್ರಾಪರ್ಟೀಸ್‌ನ ಮ್ಯಾಕ್ಸ್-ಟಿಕ್-ಟೈಮ್ ಸಾಲಿನಲ್ಲಿ -1 ಬರೆದರೆ ಕಾವಲುಗಾರ ಸುಮ್ಮನಾಗುತ್ತಾನೆ. ನಿಜವಾಗಿ ಸಿಕ್ಕಿಹಾಕಿಕೊಂಡ ಸರ್ವರ್ ಮಾತ್ರ ಅಷ್ಟರಿಂದ ಬಿಡಿಸಿಕೊಳ್ಳುವುದಿಲ್ಲ.

ಬ್ಯಾಕಪ್ ಇಟ್ಟುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ, ಹೇಗೆ ಎಂದು ಹೇಳುವವರು ಕಡಿಮೆ. ಓಡುತ್ತಿರುವ ಸರ್ವರ್‌ನ ಫೋಲ್ಡರ್ ಅನ್ನು ಹಾಗೆಯೇ ಪ್ರತಿ ಮಾಡಿದರೆ ಅರ್ಧ ಬರೆದ ಕಡತಗಳು ಸೇರಿಕೊಳ್ಳುತ್ತವೆ. ಸರ್ವರ್‌ಗೆ ಮೊದಲು ಸೇವ್-ಆಫ್ ಆದೇಶ (ತಾನಾಗಿ ಉಳಿಸುವುದನ್ನು ನಿಲ್ಲಿಸು), ಆಮೇಲೆ ಸೇವ್-ಆಲ್ ಫ್ಲಶ್ (ಇರುವುದನ್ನೆಲ್ಲ ಈಗಲೇ ಡಿಸ್ಕ್‌ಗೆ ಬರೆ), ಪ್ರತಿ ಮಾಡಿದ ಮೇಲೆ ಸೇವ್-ಆನ್ (ಮತ್ತೆ ಉಳಿಸತೊಡಗು). ಕೊನೆಯದನ್ನು ಮರೆತರೆ ಆ ಹೊತ್ತಿನಿಂದಾಚೆಗಿನ ಆಟ ತಾನಾಗಿ ಉಳಿಯುವುದಿಲ್ಲ. ಆಟದ ಆವೃತ್ತಿ ಏರಿಸುವ ಮೊದಲಂತೂ ಒಂದು ಪ್ರತಿ ಕಡ್ಡಾಯ. ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದ ವರ್ಲ್ಡ್ ಅನ್ನು ಹಳೆಯದಕ್ಕೆ ಇಳಿಸುವ ದಾರಿಯನ್ನು ಆಟ ಕೊಟ್ಟಿಲ್ಲ.

ಅಂಕಣಕಾರರ ಮೇಲೆ ನನಗೆ ಸಿಟ್ಟಿಲ್ಲ, ಮೂರು ಸಾಲಿನ ಜಾಗದಲ್ಲಿ ಯಾರಾದರೂ ಇಷ್ಟೇ ಹೇಳಿಯಾರು. ಆದರೆ ಆ ಉತ್ತರ ಓದಿದ ಯಾವುದೋ ಮನೆಯ ಮಗು ಇವತ್ತು ಸಂಜೆಯೇ ಡಿಲೀಟ್ ಒತ್ತಬಹುದು. ಆದ್ದರಿಂದ ಮುಂದಿನ ಸಂಚಿಕೆಯಲ್ಲಿ ಒಂದು ತಿದ್ದುಪಡಿ ಹಾಕಿ: ವರ್ಲ್ಡ್ ಅಳಿಸಬೇಡಿ, ಅಳಿಸಬೇಕೆನಿಸಿದರೆ ಫೋಲ್ಡರ್‌ನ ಹೆಸರು ಬದಲಿಸಿಡಿ. ಮತ್ತು ಇಂಥ ಪ್ರಶ್ನೆ ಕಳಿಸುವವರಿಂದ ಆಟದ ಆವೃತ್ತಿ, ಮಾಡ್ ಜೋಡಿಸುವ ತಂತ್ರಾಂಶ ಫೋರ್ಜ್, ನಿಯೋಫೋರ್ಜ್, ಫ್ಯಾಬ್ರಿಕ್‌ಗಳಲ್ಲಿ ಯಾವುದು, ಜಾವಾ ಎಷ್ಟನೆಯದು, ಲಾಗ್‌ನ ಕೊನೆಯ 'ಕಾಸ್ಡ್ ಬೈ' ಸಾಲು ಇಷ್ಟನ್ನು ಕೇಳಿ ತರಿಸಿಕೊಳ್ಳಿ. ಇವಿಲ್ಲದೆ ಬಂದ ಪ್ರಶ್ನೆಗೆ ಉತ್ತರ ಕೊಡದಿದ್ದರೂ ಯಾರೂ ಬೇಸರಪಡುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ನಿಮ್ಮ ಪುಟದ ಕಾಯಂ ಓದುಗಾರ್ತಿ