ಮಗಳಿಗೊಂದು ಪತ್ರ: ಕುರ್ಲಾವರೆಗೆ ಬರಬೇಡ, ಥಾಣೆಯಲ್ಲೇ ಇಳಿ

ಪ್ರೀತಿಯ ಮಗಳೇ,

ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದವನ್ನು ಕೈಚೀಲದಲ್ಲೇ ಇಟ್ಟುಕೋ. ಶನಿವಾರ ಬೆಳಗ್ಗೆ ನನಗೆ ಡ್ಯೂಟಿ ಇದೆ, ಸ್ಟೇಷನ್ನಿಗೆ ಬರಲಾಗುವುದಿಲ್ಲ. ಮಾಟುಂಗಾದ ಮನೆಗೂ ನೀನೊಬ್ಬಳೇ ಬರಬೇಕು, ಸೋಮವಾರ ಅಂಧೇರಿ ಹತ್ತಿರದ ಚಕಾಲಾದ ಇಂಟರ್‌ವ್ಯೂಗೂ ಒಬ್ಬಳೇ ಹೋಗಬೇಕು. ಮುಂಬೈಯಲ್ಲಿ ಏನೇ ಮಾಡುವುದಿದ್ದರೂ ಒಂದು ಸ್ಟೇಷನ್ ಮುಂಚೆಯೇ ಮಾಡಿಕೊಳ್ಳಬೇಕು. ಕೆಳಗೆ ಬರೆದದ್ದೆಲ್ಲ ಹೆಚ್ಚುಕಡಿಮೆ ಅದೇ.

ಈಗ ಕೊಂಕಣ ರೈಲ್ವೆಯಲ್ಲಿ ಮಳೆಗಾಲದ ವೇಳಾಪಟ್ಟಿ. ಮತ್ಸ್ಯಗಂಧ ರೈಲು ಕುಂದಾಪುರಕ್ಕೆ ಬೇಸಿಗೆಯ ಹೊತ್ತಿಗೆ ಬರುವುದಿಲ್ಲ, ಬೇಗ ಬರುತ್ತದೆ. ಹಿಂದಿನ ದಿನವೇ ಸಮಯ ನೋಡಿಕೋ, ಅಮ್ಮಮ್ಮನ ಗಡಿಯಾರ ನಂಬಿ ಹೊರಡಬೇಡ. ಸಾಮಾನು ಒಂದು ಟ್ರಾಲಿ, ಒಂದು ಬೆನ್ನಚೀಲ, ಅಷ್ಟೇ ಇರಲಿ. ಎರಡೂ ಕೈ ತುಂಬಿದರೆ ಲೋಕಲ್ ರೈಲು ಹತ್ತಲಾಗುವುದಿಲ್ಲ. ತೆಂಗಿನೆಣ್ಣೆ, ಉಪ್ಪಿನಕಾಯಿ ಬೇಡ, ಇಲ್ಲಿ ಎಲ್ಲ ಸಿಗುತ್ತದೆ. ಹಲಸಿನ ಹಪ್ಪಳ ಮಾತ್ರ ತಾ.

ನಮ್ಮ ಊರಿನವರೆಲ್ಲ ಕುರ್ಲಾ ಟರ್ಮಿನಸ್ಸಿನಲ್ಲೇ ಇಳಿಯುತ್ತಾರೆ. ಬೋರ್ಡಿನಲ್ಲಿ ಲೋಕಮಾನ್ಯ ತಿಲಕ್ ಟರ್ಮಿನಸ್ ಎಂದಿರುವುದು ಅದೇ. ಹತ್ತಿರದ ಲೋಕಲ್ ಸ್ಟೇಷನ್ ತಿಲಕ್ ನಗರ, ಅದು ಹಾರ್ಬರ್ ಲೈನ್, ಲೋಕಲ್ಲಿನ ಬೇರೆಯೇ ದಾರಿ. ಅಲ್ಲಿಂದ ಒಂದು ಸ್ಟೇಷನ್ ಹೋಗಿ ಕುರ್ಲಾದಲ್ಲಿ ಇಳಿದು, ಸೇತುವೆ ಹತ್ತಿ, ಸೆಂಟ್ರಲ್ ಲೈನಿನ ಸ್ಲೋ, ಅಂದರೆ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಗಾಡಿ, ಹಿಡಿಯಬೇಕು. ಕುರ್ಲಾದಲ್ಲಿ ಇಳಿಯಲು ಮರೆತು ಹಾರ್ಬರ್ ಗಾಡಿಯಲ್ಲೇ ಕೂತರೆ ಚುನಾಭಟ್ಟಿ ದಾಟಿ ವಡಾಲಾ ಸೇರುತ್ತೀ. ಆ ಗಾಡಿ ಮಾಟುಂಗಾಕ್ಕೆ ಬರುವುದೇ ಇಲ್ಲ. ಮೊದಲ ದಿನ, ಟ್ರಾಲಿ ಎಳೆದುಕೊಂಡು ಇದೆಲ್ಲ ಬೇಡ.

ನೀನು ಥಾಣೆಯಲ್ಲಿ ಇಳಿ. ಮತ್ಸ್ಯಗಂಧ ಅಲ್ಲಿ ನಿಲ್ಲುತ್ತದೆ, ಆದರೆ ಕೆಲವೇ ನಿಮಿಷ. ಪನ್ವೇಲ್ ಬಂದಾಗ ಎದ್ದು ಮುಖ ತೊಳೆದು, ಚಾದರ ಮಡಚಿ, ಸಾಮಾನು ಸೀಟಿನ ಕೆಳಗಿಂದ ತೆಗೆದಿರಬೇಕು. ದಿವಾ ದಾಟಿದ ಮೇಲೆ ಬಾಗಿಲ ಹತ್ತಿರ ಬಾ. ಖಾಡಿಯ (ಸಮುದ್ರದ ಹಿನ್ನೀರಿನ) ಮೇಲಿನ ಸೇತುವೆ ಬಂತು ಅಂದರೆ ಮುಂದಿನದು ಥಾಣೆ. (1853ರಲ್ಲಿ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಬಂದು ನಿಂತದ್ದು ಇದೇ ಊರಿನಲ್ಲಿ.)

ಇಳಿದ ಮೇಲೆ ಅವಸರ ಬೇಡ. ಎಕ್ಸ್‌ಪ್ರೆಸ್ ಟಿಕೆಟನ್ನೇ ನಂಬಿ ಲೋಕಲ್ ಹತ್ತಬೇಡ. ಕೌಂಟರಿನಲ್ಲಿ ಮಾಟುಂಗಾಕ್ಕೆ ಸೆಕೆಂಡ್ ಕ್ಲಾಸ್ ಸಿಂಗಲ್ ತೆಗೆದುಕೋ. ಲೋಕಲ್ಲಿನ ದರ 5 ರೂಪಾಯಿಯಿಂದ ಶುರು, ಹಾಗಾಗಿ ದೊಡ್ಡ ನೋಟು ಚಾಚಬೇಡ, ಚಿಲ್ಲರೆ ಇರಲಿ. ಆಮೇಲೆ ಪ್ಲಾಟ್‌ಫಾರ್ಮಿನ ಮೇಲೆ ತೂಗುವ ಇಂಡಿಕೇಟರ್ ನೋಡು. ಅದರಲ್ಲಿ ಗಾಡಿ ಹೋಗುವ ಊರು, ಹೊರಡುವ ಹೊತ್ತು, ಫಾಸ್ಟೋ ಸ್ಲೋವೋ ಎಂಬ ಅಕ್ಷರ, 12 ಡಬ್ಬವೋ 15 ಡಬ್ಬವೋ ಎಂಬ ಅಂಕಿ ಇರುತ್ತದೆ. ನಿನಗೆ ಬೇಕಾದದ್ದು ಸಿಎಸ್‌ಎಂಟಿಗೆ ಹೋಗುವ ಸ್ಲೋ. ಅದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಜನ ಅದನ್ನು ಈಗಲೂ ವಿಟಿ ಎನ್ನುತ್ತಾರೆ, ಎರಡೂ ಒಂದೇ. ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ, ನಿನ್ನನ್ನು ದಾದರಿಗೆ ಒಯ್ದು ಇಳಿಸುತ್ತದೆ. ಸ್ಲೋ ಆದರೂ ಕುರ್ಲಾಕ್ಕೇ ಮುಗಿಯುವ ಗಾಡಿಗಳಿವೆ, ಹತ್ತಬೇಡ. ಥಾಣೆಯಿಂದಲೇ ಹೊರಡುವ ಲೋಕಲ್ ಸಿಕ್ಕಿದರೆ ಖಾಲಿ ಬರುತ್ತದೆ, ಕಿಟಕಿಯೇ ಸಿಗಬಹುದು.

ಇನ್ನೊಂದು ಅಕ್ಷರದ ವಿಷಯ, ಮುಂದೆ ವಾಪಸು ಬರುವಾಗ ಬೇಕಾಗುತ್ತದೆ. ಊರಿನ ಜಾಗದಲ್ಲಿ ಎಸ್ ಎಂದಿದ್ದರೆ ಅದು ಕರ್ಜತ್, ಎನ್ ಎಂದರೆ ಕಸಾರಾ. ವೇಗದ ಜಾಗದಲ್ಲಿ ಎಸ್ ಎಂದಿದ್ದರೆ ಸ್ಲೋ. ಒಂದೇ ಅಕ್ಷರಕ್ಕೆ ಎರಡು ಅರ್ಥ, ಹೊಸಬರು ಎಡವುವುದು ಇಲ್ಲೇ.

ಲೇಡೀಸ್ ಡಬ್ಬ ಎಲ್ಲಿ ನಿಲ್ಲುತ್ತದೆಂದು ಹುಡುಕಬೇಕಿಲ್ಲ, ಹೆಂಗಸರು ಗುಂಪಾಗಿ ನಿಂತ ಕಡೆ ನೀನೂ ನಿಲ್ಲು. ಎಲ್ಲ ಲೇಡೀಸ್ ಡಬ್ಬವೂ ದಿನವಿಡೀ ನಮ್ಮದಲ್ಲ. ಕೆಲವು 24 ಗಂಟೆ. ಕೆಲವು ಬೆಳಗ್ಗೆ 7ರಿಂದ ರಾತ್ರಿ 11ರವರೆಗೆ ಮಾತ್ರ, ಆ ಹೊತ್ತಿನ ಹೊರಗೆ ಗಂಡಸರೂ ಹತ್ತುತ್ತಾರೆ. ಹೊತ್ತನ್ನು ಡಬ್ಬದ ಮೇಲೇ ಬರೆದಿರುತ್ತಾರೆ, ಓದಿಕೊಂಡು ಹತ್ತು. ಗಾಡಿ ನಿಲ್ಲುವುದು ಅರ್ಧ ನಿಮಿಷವೂ ಇಲ್ಲ. ಇಳಿಯುವವರಿಗೆ ದಾರಿ ಬಿಟ್ಟು ಬಾಗಿಲ ಪಕ್ಕಕ್ಕೆ ನಿಲ್ಲು, ಮಧ್ಯದ ಕಂಬ ಹಿಡಿದು ಹತ್ತು, ಹತ್ತಿದ ಕೂಡಲೇ ಒಳಗೆ ಸರಿ. ಬೆನ್ನಚೀಲವನ್ನು ಎದೆಗೆ ಹಾಕಿಕೋ. ಬಾಗಿಲಲ್ಲಿ ನಿಂತು ಫೋನ್ ನೋಡಬೇಡ. ಹಳಿಯ ಪಕ್ಕದಿಂದ ಕೋಲಿನಲ್ಲಿ ಕೈಗೆ ಹೊಡೆದು ಬೀಳಿಸುವವರಿದ್ದಾರೆ. ಫೋನ್ ಹೋದರೆ ಹೋಗಲಿ, ಅದನ್ನು ಹಿಡಿಯಲು ಹೋಗಿ ಆಯ ತಪ್ಪಿದವರಿದ್ದಾರೆ.

ಒಳಗಿನ ಪದ್ಧತಿಯನ್ನೂ ತಿಳಿದಿರು. ಮೂವರ ಸೀಟಿನಲ್ಲಿ ನಾಲ್ವರು ಕೂರುತ್ತಾರೆ. ಯಾರಾದರೂ ಬಂದು ಕೈಯಲ್ಲಿ ಪಕ್ಕಕ್ಕೆ ಸರಿ ಎಂದು ಸನ್ನೆ ಮಾಡಿದರೆ ಬೇಸರಪಡಬೇಡ, ಸರಿದು ಜಾಗ ಕೊಡು. ಸೀಟು ಬೇಕಿದ್ದರೆ ಕೂತವರನ್ನು ಎಲ್ಲಿ ಇಳಿಯುತ್ತೀರಿ ಎಂದು ಹಿಂದಿಯಲ್ಲಿ, "ಕಹಾಂ ಉತರ್‌ನಾ ಹೈ?" ಎಂದು ಕೇಳು. ಅವರು ಇಳಿಯುವಾಗ ಆ ಜಾಗ ಕೇಳಿದವಳದ್ದು, ಅದನ್ನು ಯಾರೂ ಮೀರುವುದಿಲ್ಲ. ಸಾಯನ್ ಬರುವ ಮೊದಲೇ ಎದ್ದು ಬಾಗಿಲ ಕಡೆ ಹೋಗು. ಮುಂದಿದ್ದವರನ್ನು "ಮಾಟುಂಗಾ ಉತರ್‌ನಾ ಹೈ ಕ್ಯಾ?" ಎಂದು ಕೇಳು, ಇಲ್ಲವೆಂದರೆ ಅವರೇ ದಾರಿ ಬಿಡುತ್ತಾರೆ. ಪ್ಲಾಟ್‌ಫಾರ್ಮ್ ಎಡಕ್ಕೋ ಬಲಕ್ಕೋ ಎಂಬುದನ್ನೂ ಆಗಲೇ ಕೇಳಿಕೋ. ತಪ್ಪು ಬಾಗಿಲಲ್ಲಿ ನಿಂತು ಕೊನೆಯ ಗಳಿಗೆಯಲ್ಲಿ ತಿರುಗಿದರೆ ಟ್ರಾಲಿಯೊಂದಿಗೆ ದಾಟಲು ಆಗುವುದಿಲ್ಲ. ಇಳಿಯಲಾಗದಿದ್ದರೆ ಹಾರಬೇಡ ಮಗಾ. ಮುಂದಿನದು ದಾದರ್, ಅಲ್ಲಿ ಇಳಿದು ವಾಪಸು ಬರುವ ಸ್ಲೋ ಹತ್ತಿದರೆ ಒಂದೇ ಸ್ಟೇಷನ್. ಥಾಣೆಯಿಂದ ಮಾಟುಂಗಾಕ್ಕೆ ಒಟ್ಟು ಸುಮಾರು 40 ನಿಮಿಷ.

ಮತ್ಸ್ಯಗಂಧ ತಡವಾಗಿ, ಥಾಣೆಗೆ 8 ಗಂಟೆಯ ಮೇಲೆ ಬಂದರೆ ಈ ಲೆಕ್ಕವೆಲ್ಲ ಬಿಡು. ಆ ಹೊತ್ತಿನ ಲೋಕಲ್ಲಿಗೆ ಟ್ರಾಲಿ ಹಿಡಿದು ಹತ್ತುವುದು ಆಗದ ಮಾತು. ಕುರ್ಲಾ ಟರ್ಮಿನಸ್ಸಿನವರೆಗೂ ಕೂತು ಬಾ, ಹೊರಗೆ ಕಾಲಿ-ಪೀಲಿ (ಕಪ್ಪು-ಹಳದಿ ಬಣ್ಣದ) ಟ್ಯಾಕ್ಸಿ ಹಿಡಿ. ಆಟೋ ಬೇಡ, ಸಾಯನ್ ದಾಟಿ ದಕ್ಷಿಣಕ್ಕೆ ಆಟೋಗಳಿಗೆ ಪರವಾನಗಿ ಇಲ್ಲ, ಅರ್ಧ ದಾರಿಯಲ್ಲಿ ಇಳಿಸುತ್ತಾರೆ. 2025ರ ಫೆಬ್ರವರಿಯಲ್ಲಿ ಟ್ಯಾಕ್ಸಿಯ ಮೊದಲ 1.5 ಕಿಲೋಮೀಟರಿಗೆ 31 ರೂಪಾಯಿ ಮಾಡಿದ್ದಾರೆ. ಮಧ್ಯರಾತ್ರಿಯಿಂದ 5ರವರೆಗೆ ಕಾಲುಭಾಗ ಹೆಚ್ಚು, ಬೆಳಗ್ಗೆ ಅದನ್ನು ಕೇಳಿದರೆ ಕೊಡಬೇಡ. ಸಾಮಾನಿಗೆ ಸ್ವಲ್ಪ ಬೇರೆ ಆಗುತ್ತದೆ. ಪ್ಲಾಟ್‌ಫಾರ್ಮಿಗೇ ಬಂದು ಚೀಲಕ್ಕೆ ಕೈಹಾಕಿ "ಎಲ್ಲಿಗೆ, ಎಲ್ಲಿಗೆ" ಎನ್ನುವವರ ಹಿಂದೆ ಹೋಗಬೇಡ. ಮೀಟರ್ ಹಾಕುತ್ತೇನೆ ಎಂದವನ ಗಾಡಿಯನ್ನೇ ಹತ್ತು.

ಮಾಟುಂಗಾದಲ್ಲಿ ಪೂರ್ವದ ಕಡೆ, ಮಾರ್ಕೆಟ್ ಇರುವ ಬದಿಗೆ ಇಳಿ. ಈ ಸ್ಟೇಷನ್ನನ್ನು 2017ರ ಜುಲೈಯಿಂದ ಪೂರ್ತಿ ಹೆಂಗಸರೇ ನಡೆಸುತ್ತಿದ್ದಾರೆ, ದೇಶದಲ್ಲೇ ಮೊದಲು. ಏನಾದರೂ ಗೊಂದಲವಾದರೆ ನೇರ ಆಫೀಸಿನ ಬಾಗಿಲಿಗೆ ಹೋಗು. ಹಸಿವಾಗಿದ್ದರೆ ಪಕ್ಕದ ಬೀದಿಗಳಲ್ಲಿ ನಮ್ಮ ಉಡುಪಿ ಹೋಟೆಲುಗಳಿವೆ, ಕನ್ನಡದಲ್ಲೇ ಕೇಳು. ಮಧ್ಯಾಹ್ನ ಬಾಳೆಲೆ ಊಟ ಬೇಕೆನಿಸಿದರೆ ಸ್ಟೇಷನ್ ಬಳಿಯ ರಾಮ ನಾಯಕರದ್ದು, 1942ರ ಹೋಟೆಲು.

ಸೋಮವಾರದ್ದು ಇನ್ನೂ ಸುಲಭ. ಅಂಧೇರಿ ಇರುವುದು ವೆಸ್ಟರ್ನ್ ಲೈನಿನಲ್ಲಿ. ಎಲ್ಲರೂ ದಾದರಿಗೆ ಹೋಗಿ ಬದಲಿಸು ಎನ್ನುತ್ತಾರೆ. ಕೇಳಬೇಡ, ಬೆಳಗಿನ ದಾದರ್ ಸೇತುವೆ ಹೊಸಬರಿಗಲ್ಲ. ನಮ್ಮ ಸ್ಟೇಷನ್ನಿನ ಪಶ್ಚಿಮಕ್ಕೆ ಝೆಡ್ ಬ್ರಿಜ್ ಇದೆ, ಅದನ್ನು ನಡೆದು ದಾಟಿದರೆ ಮಾಟುಂಗಾ ರೋಡ್ ಸ್ಟೇಷನ್. ಮಾಟುಂಗಾ ಬೇರೆ, ಮಾಟುಂಗಾ ರೋಡ್ ಬೇರೆ, ಹೆಸರು ನೆನಪಿಡು. ಅಲ್ಲಿ ಸ್ಲೋ ಮಾತ್ರ ನಿಲ್ಲುತ್ತದೆ. ಬಾಂದ್ರಾಕ್ಕೇ ಮುಗಿಯುವ ಗಾಡಿ ಬಿಟ್ಟು ಅಂಧೇರಿಯದ್ದೋ ಬೋರಿವಲಿಯದ್ದೋ ಹತ್ತು. 20ರಿಂದ 25 ನಿಮಿಷದ ದಾರಿ. ಬೆಳಗಿನ ದೊಡ್ಡ ನೂಕು ದಕ್ಷಿಣಕ್ಕೆ ಬರುವವರದ್ದು, ನೀನು ಉತ್ತರಕ್ಕೆ ಹೋಗುವವಳು, ಉಸಿರಾಡಲು ಜಾಗ ಇರುತ್ತದೆ. ಅಂಧೇರಿಯಲ್ಲಿ ಮೆಟ್ರೋಗೆ ಬೇರೆ ಟಿಕೆಟ್. ಘಾಟ್ಕೋಪರ್ ಕಡೆಯದ್ದು ಹಿಡಿ, ಎರಡನೆಯ ಸ್ಟೇಷನ್ ಚಕಾಲಾ. 11ಕ್ಕೆ ಇಂಟರ್‌ವ್ಯೂ ಅಂದರೆ 9ಕ್ಕೆ ಮನೆ ಬಿಡು. ಭಾನುವಾರ ಒಮ್ಮೆ ಹೋಗಿ ದಾರಿ ನೋಡಿ ಬರುವುದಾದರೆ ಬೆಳಗ್ಗೆ ಬೇಗ ಹೋಗೋಣ. ಭಾನುವಾರಗಳಲ್ಲಿ ಹಗಲು ಹೊತ್ತು ಹಳಿ ರಿಪೇರಿಗೆಂದು ಬ್ಲಾಕ್ ಹಾಕುತ್ತಾರೆ, ಗಾಡಿಗಳು ಕಡಿಮೆಯಾಗಿ ಹೊತ್ತು ತಪ್ಪುತ್ತವೆ.

ಮಳೆಯದ್ದೊಂದು ಭಯ ನನಗೆ. ಜೋರು ಮಳೆಯೂ 4.5 ಮೀಟರಿನಷ್ಟು ಎತ್ತರದ ಭರತವೂ (ಸಮುದ್ರದ ಉಬ್ಬರ) ಒಟ್ಟಿಗೆ ಬಂದರೆ ಊರಿನ ನೀರು ಸಮುದ್ರಕ್ಕೆ ಇಳಿಯುವುದಿಲ್ಲ. ಆಗ ಕುರ್ಲಾ, ಸಾಯನ್ ಹಳಿಗಳೇ ಮೊದಲು ಮುಳುಗುವುದು. ಬೆಳಗ್ಗೆ ಭರತದ ಹೊತ್ತು ನೋಡಿಯೇ ಹೊರಡು. ಗಾಡಿ ನಡುದಾರಿಯಲ್ಲಿ ನಿಂತರೆ ಹಳಿಗೆ ಇಳಿಯಬೇಡ, ಒಳಗೇ ಕೂತಿರು, ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡು. ಚೀಲದಲ್ಲಿ ನೀರು, ಎರಡು ಬಿಸ್ಕತ್ ಪೊಟ್ಟಣ, ಚಾರ್ಜ್ ಮಾಡಿದ ಪವರ್ ಬ್ಯಾಂಕ್ ಇರಲಿ.

ಕೀಲಿಯನ್ನು ಎದುರು ಮನೆಯವರ ಹತ್ತಿರ ಕೊಟ್ಟಿರುತ್ತೇನೆ. ಗಂಜಿ ಕುಕ್ಕರಿನಲ್ಲಿರುತ್ತದೆ. ಮಾಟುಂಗಾದಲ್ಲಿ ಇಳಿದ ಕೂಡಲೇ ಫೋನ್ ಮಾಡು, ಡ್ಯೂಟಿಯಲ್ಲಿದ್ದರೂ ತೆಗೆಯುತ್ತೇನೆ.

ನಿನ್ನ ಅಮ್ಮ