ಗಿಡದ ಗುಣ ಹೇಳಿಕೊಟ್ಟವರ ಪಾಲು

ಮಾನ್ಯ ಸಂಪಾದಕರೇ,

ಔಷಧೀಯ ಸಸ್ಯಗಳನ್ನೂ ಜನಪದ ವೈದ್ಯವನ್ನೂ ಅಭ್ಯಸಿಸಲು ವಿದೇಶಕ್ಕೆ ಹೊರಡುವ ನಮ್ಮ ವಿದ್ಯಾರ್ಥಿಗಳು ಪ್ರವೇಶ, ವಿದ್ಯಾರ್ಥಿವೇತನ, ವೀಸಾಗಳ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಅಲ್ಲಿ ತಮಗೆ ಗಿಡಗಳ ಗುಣ ಹೇಳಿಕೊಡುವವರಿಗೆ ಏನು ಸಲ್ಲಬೇಕು ಎಂದು ವಿಚಾರಿಸುವವರು ವಿರಳ. ಸಸ್ಯಶಾಸ್ತ್ರದ ಉನ್ನತ ವ್ಯಾಸಂಗಕ್ಕೆ ದಕ್ಷಿಣ ಆಫ್ರಿಕಾಕ್ಕೆ ಹೊರಟಿರುವ ಮಗಳ ತಂದೆಯಾಗಿ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿನ ಸಾನ್ ಜನರು ದೂರದ ಬೇಟೆಗೆ ಹೋದಾಗ ಹಸಿವು, ಬಾಯಾರಿಕೆ ತಡೆಯಲು ಹೂಡಿಯಾ ಎಂಬ, ಕಳ್ಳಿಯಂತೆ ಕಾಣುವ ಗಿಡದ ಕಾಂಡವನ್ನು ಅಗಿಯುತ್ತಿದ್ದರು. ಈ ತಿಳಿವಳಿಕೆಯ ಜಾಡು ಹಿಡಿದ ಆ ದೇಶದ ಸರ್ಕಾರಿ ಸಂಶೋಧನಾ ಮಂಡಳಿಯು 1990ರ ದಶಕದಲ್ಲಿ, ಹಸಿವಡಗಿಸುವ ಅದರ ಅಂಶಗಳಿಗೆ ಪೇಟೆಂಟ್ ಪಡೆದು ವಿದೇಶಿ ಕಂಪನಿಯೊಂದಕ್ಕೆ ಪರವಾನಗಿಯನ್ನೂ ಕೊಟ್ಟಿತು. ಸಾನ್ ಜನರನ್ನು ಮಾತ್ರ ಕೇಳಿರಲಿಲ್ಲ. ಅವರು ದನಿಯೆತ್ತಿದ ಬಳಿಕ 2003ರಲ್ಲಿ ಲಾಭ ಹಂಚಿಕೆಯ ಒಪ್ಪಂದವೇನೋ ಆಯಿತು, ಆದರೆ ನಿರೀಕ್ಷಿಸಿದ ಹಣ ಕೈಸೇರಲಿಲ್ಲ. 2017ರಲ್ಲಿ ಅವರೇ ಸಂಶೋಧಕರಿಗಾಗಿ ನೀತಿಸಂಹಿತೆಯೊಂದನ್ನು ಪ್ರಕಟಿಸಿದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಮತ್ತು ಸರಿಯಾದ ಕ್ರಮವನ್ನು ಕೇಳುವ ಅದನ್ನು ನಮ್ಮ ವಿದ್ಯಾರ್ಥಿಗಳು ವಿಮಾನ ಹತ್ತುವ ಮೊದಲೇ ಓದಬೇಕು.

ನಮ್ಮ ಮಲೆನಾಡಿನ ನಾಟಿ ವೈದ್ಯರಲ್ಲಿ ಹಲವರು, ಹೇಳಿದರೆ ಮದ್ದಿನ ಗುಣ ಹೋಗುತ್ತದೆಂದು ಬೇರಿನ ಹೆಸರನ್ನೇ ಬಾಯಿಬಿಡುವುದಿಲ್ಲ. ಅದನ್ನು ಮೂಢನಂಬಿಕೆಯೆಂದು ನಗುತ್ತಿದ್ದ ನನಗೆ ಹೂಡಿಯಾದ ಕಥೆ ತಿಳಿದ ಮೇಲೆ ನಗು ಬರುತ್ತಿಲ್ಲ.

ಸಮುದಾಯದ ಪೂರ್ವಾನುಮತಿ, ಸಸ್ಯ ಮಾದರಿಗಳ ಸಾಗಣೆಯ ನಿಯಮಗಳು, ಸಸ್ಯಾದಿ ಜೈವಿಕ ಸಂಪತ್ತಿನ ಬಳಕೆಯಿಂದ ಬರುವ ಲಾಭವನ್ನು ನ್ಯಾಯವಾಗಿ ಹಂಚಬೇಕೆನ್ನುವ, 2014ರಿಂದ ಜಾರಿಯಲ್ಲಿರುವ ನಗೋಯಾ ಎಂಬ ಅಂತರರಾಷ್ಟ್ರೀಯ ಒಪ್ಪಂದ ಇವುಗಳ ಬಗ್ಗೆ ನಮ್ಮ ವಿಶ್ವವಿದ್ಯಾಲಯಗಳು ಹೊರಡುವವರಿಗೆ ಎರಡು ದಿನಗಳ ತರಬೇತಿಯನ್ನಾದರೂ ನೀಡಬೇಕೆಂದು ಕೋರುತ್ತೇನೆ.

– ವಿದ್ಯಾರ್ಥಿನಿಯೊಬ್ಬಳ ತಂದೆ, ಶಿರಸಿ